ಸಾಕುಪ್ರಾಣಿಗಳ ಸಂತಾನಹರಣ: ಧಮ್ಮ ಏನು ಹೇಳುತ್ತದೆ, ಏನು ಕೇಳುತ್ತದೆ

ನಮ್ಮ ಕಲಬುರಗಿ, ಬೀದರ್ ಭಾಗದ ವಿಹಾರಗಳಲ್ಲಿ ಹುಣ್ಣಿಮೆಯ ವಂದನೆ ಮುಗಿದ ಮೇಲೆ ಉಪಾಸಕರು ಭಿಕ್ಷುಗಳ ಮುಂದೆ ಇಡುವ ಪ್ರಶ್ನೆಗಳ ಸಾಲಿಗೆ ಈಚೆಗೆ ಇನ್ನೊಂದು ಸೇರಿಕೊಂಡಿದೆ. “ಮನ್ಯಾಗ ಸಾಕಿದ ನಾಯಿಗಿ ಆಪರೇಷನ್ ಮಾಡ್ಸಿದ್ರ ಪಾಪ ಹತ್ತತದೇನ್ರಿ ಭಂತೇಜಿ?” ಎಂದು ಕೇಳುವವರ ದನಿಯಲ್ಲಿ ಕುತೂಹಲಕ್ಕಿಂತ ಅಳುಕೇ ಹೆಚ್ಚು. ಪ್ರತಿದಿನ ಬೆಳಿಗ್ಗೆ “ಪಾಣಾತಿಪಾತಾ ವೇರಮಣಿ” (ಜೀವಹತ್ಯೆಯಿಂದ ದೂರವಿರುತ್ತೇನೆ) ಎಂದು ಶೀಲ ಸ್ವೀಕರಿಸುವ ಮನೆಯವರು ಮಧ್ಯಾಹ್ನ ಅದೇ ಮನೆಯ ಮೂಕ ಜೀವವನ್ನು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿಸಬೇಕಾದಾಗ ಮನಸ್ಸು ಹಿಂಜರಿಯುವುದು ಸಹಜ. ಆ ಹಿಂಜರಿಕೆಯನ್ನು ಹಗುರವಾಗಿ ತಳ್ಳಿಹಾಕುವವರೂ ಇದ್ದಾರೆ, ಅದನ್ನೇ ತೀರ್ಪೆಂದು ತಿಳಿದು ಮುಂದೆ ಯೋಚಿಸದವರೂ ಇದ್ದಾರೆ. ಜೀವ ತೆಗೆಯುತ್ತಿಲ್ಲವಲ್ಲ, ಪಾಪದ ಮಾತೆಲ್ಲಿಂದ ಬಂತು ಎಂಬುದು ಒಂದು ಪಕ್ಷದ ಉತ್ತರವಾದರೆ, ಬಾಯಿಲ್ಲದ ಪ್ರಾಣಿಯ ಮೈಮೇಲೆ ಕತ್ತರಿ ಆಡಿಸುವುದೇ ಹಿಂಸೆ ಎಂಬುದು ಇನ್ನೊಂದು ಪಕ್ಷದ ಉತ್ತರ. ಬೌದ್ಧ ಗ್ರಂಥಗಳನ್ನು ತಾಳ್ಮೆಯಿಂದ ಓದಿದರೆ ಇವೆರಡೂ ಅರ್ಧಕ್ಕೇ ನಿಂತ ಉತ್ತರಗಳೆಂಬುದು ತಿಳಿಯುತ್ತದೆ.

ಮೊದಲು ಶಸ್ತ್ರಚಿಕಿತ್ಸೆಯ ಸ್ವರೂಪವನ್ನು ತಿಳಿದುಕೊಳ್ಳಬೇಕು, ಏಕೆಂದರೆ ಏನು ನಡೆಯುತ್ತದೆ ಎಂಬುದು ಗೊತ್ತಿಲ್ಲದೆ ಅದರ ನೈತಿಕತೆಯನ್ನು ಅಳೆಯಲು ಬರುವುದಿಲ್ಲ. ಹೆಣ್ಣು ನಾಯಿ ಅಥವಾ ಬೆಕ್ಕಿಗೆ ಪೂರ್ಣ ಅರಿವಳಿಕೆ ಕೊಟ್ಟು, ಹೊಟ್ಟೆಯನ್ನು ಸೀಳಿ, ಎರಡೂ ಅಂಡಾಶಯಗಳನ್ನೂ ಸಾಮಾನ್ಯವಾಗಿ ಗರ್ಭಕೋಶವನ್ನೂ ತೆಗೆಯುತ್ತಾರೆ. ಗಂಡಿಗಾದರೆ ಎರಡೂ ವೃಷಣಗಳನ್ನು ತೆಗೆಯುತ್ತಾರೆ. ಗಂಡಿನದು ಸಣ್ಣ ಗಾಯ, ಹೆಣ್ಣಿನದು ದೊಡ್ಡ ಶಸ್ತ್ರಚಿಕಿತ್ಸೆ. ಅರಿವಳಿಕೆ ಇಳಿಯುವ ಹೊತ್ತಿನಲ್ಲಿ ಪಕ್ಕದಲ್ಲಿ ಕುಳಿತವರಿಗೆ ಅದರ ಭಾರ ಗೊತ್ತಾಗುತ್ತದೆ: ನಾಯಿ ತಲೆ ಎತ್ತಲು ನೋಡಿ ಮತ್ತೆ ಚಾಪೆಯ ಮೇಲೆ ಚೆಲ್ಲುತ್ತದೆ, ಮೈ ಸಣ್ಣಗೆ ನಡುಗುತ್ತದೆ, ಅರೆತೆರೆದ ಕಣ್ಣಿಗೆ ಯಜಮಾನನ ಗುರುತು ಹತ್ತುವುದಿಲ್ಲ, ನಾಲಿಗೆ ಒಣಗಿ ಬಾಯಿಯ ಒಂದು ಬದಿಗೆ ಜೋತುಬಿದ್ದಿರುತ್ತದೆ. ಮುಂದಿನ ಹತ್ತು ಹನ್ನೆರಡು ದಿನ ಅದು ಹೊಲಿಗೆಯನ್ನು ನೆಕ್ಕದಂತೆ, ಜಿಗಿಯದಂತೆ ಕಾಯಬೇಕು. ಸರಿಯಾಗಿ ಮಾಡಿದರೆ ಅಪಾಯ ಕಡಿಮೆ. ಅಪಾಯವೇ ಇಲ್ಲ, ನೋವೇ ಇಲ್ಲ ಎಂದು ಮಾತ್ರ ಹೇಳಲಾಗದು. ಈ ನೋವನ್ನು ಮುಚ್ಚಿಟ್ಟು ನಡೆಸುವ ಯಾವ ಚರ್ಚೆಯೂ ಧಮ್ಮದ ಚರ್ಚೆಯಾಗಲಾರದು.

ಇನ್ನು ಮೊದಲ ಶೀಲ. ಪ್ರಾಣಾತಿಪಾತ, ಅಂದರೆ ಜೀವಹತ್ಯೆ, ಯಾವಾಗ ಸಂಭವಿಸುತ್ತದೆ ಎಂಬುದನ್ನು ಥೇರವಾದ ಪಂಥದ ಅಟ್ಠಕಥೆಗಳು, ಅಂದರೆ ಪಾಲಿ ಗ್ರಂಥಗಳ ಹಳೆಯ ವ್ಯಾಖ್ಯಾನಗಳು, ಐದು ಅಂಗಗಳಾಗಿ ಬಿಡಿಸಿ ಹೇಳಿವೆ. ಎದುರಿಗೆ ಜೀವಿ ಇರಬೇಕು, ಅದು ಜೀವಿ ಎಂಬ ಅರಿವು ಮಾಡುವವನಿಗೆ ಇರಬೇಕು, ಕೊಲ್ಲುವ ಚಿತ್ತ ಇರಬೇಕು, ಅದಕ್ಕಾಗಿ ಪ್ರಯತ್ನ ನಡೆಯಬೇಕು, ಆ ಪ್ರಯತ್ನದಿಂದಲೇ ಸಾವು ಒದಗಬೇಕು. ಐದೂ ಕೂಡಿದರೆ ಶೀಲ ಮುರಿಯಿತೆಂದು ಅರ್ಥ. ಗಬ್ಬವಿಲ್ಲದ ನಾಯಿಗೆ ಮಾಡಿಸುವ ಸಂತಾನಹರಣದಲ್ಲಿ ಕೊಲ್ಲುವ ಚಿತ್ತವೂ ಇಲ್ಲ, ಸಾವೂ ಇಲ್ಲ. ಆದ್ದರಿಂದ ಅದು ಮೊದಲ ಶೀಲದ ಭಂಗವಲ್ಲ ಎಂಬಷ್ಟನ್ನು ಸಂಶಯವಿಲ್ಲದೆ ಹೇಳಬಹುದು. ಅರಿವಳಿಕೆ ತಡೆದುಕೊಳ್ಳಲಾರದೆ ನಾಯಿ ಸತ್ತರೂ, ಕೊಲ್ಲುವ ಚಿತ್ತ ಇರಲಿಲ್ಲವಾದ್ದರಿಂದ, ಅದು ಪ್ರಾಣಾತಿಪಾತವಾಗುವುದಿಲ್ಲ. ನಿರ್ಲಕ್ಷ್ಯವಿತ್ತೇ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ.

ಗಬ್ಬದ ಪ್ರಾಣಿಯ ವಿಷಯ ಮಾತ್ರ ಪೂರ್ತಿ ಬೇರೆ. ಇದರ ಬಗ್ಗೆ ನಮ್ಮಲ್ಲಿ ಯಾರೂ ಬಾಯಿ ಬಿಟ್ಟು ಮಾತನಾಡುವುದಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಮಜ್ಝಿಮ ನಿಕಾಯದ ಮಹಾತಣ್ಹಾಸಂಖಯ ಸುತ್ತದಲ್ಲಿ ಗರ್ಭ ನಿಲ್ಲಲು ಮೂರು ಸಂಗತಿಗಳು ಕೂಡಿಬರಬೇಕೆಂದು ಬುದ್ಧ ಹೇಳುತ್ತಾನೆ: ತಂದೆ ತಾಯಿಯರ ಸಮಾಗಮ, ತಾಯಿಯ ಋತುಕಾಲ ಮತ್ತು ಹುಟ್ಟಿಗೆ ಒದಗಿಬಂದ ಗಂಧಬ್ಬ (ಮರುಹುಟ್ಟು ಪಡೆಯಲಿರುವ ಜೀವ). ಈ ಮೂರೂ ಕೂಡಿದ ಮೇಲೆ ಗರ್ಭದಲ್ಲಿರುವುದು ಒಂದು ಜೀವಿ. ಭಿಕ್ಷುಗಳ ನಡತೆಯ ನಿಯಮಗಳಾದ ವಿನಯವು ಮನುಷ್ಯ ಜೀವವನ್ನು ತಾಯ ಗರ್ಭದಲ್ಲಿ ಮೊದಲ ವಿಜ್ಞಾನ (ಅರಿವು) ಉದಿಸಿದ ಕ್ಷಣದಿಂದಲೇ ಎಣಿಸುತ್ತದೆ. ಪ್ರಾಣಿಯನ್ನು ಕೊಲ್ಲುವ ಭಿಕ್ಷುವಿಗೆ ಮನುಷ್ಯಹತ್ಯೆಗಿಂತ ಹಗುರವಾದ, ತಪ್ಪೊಪ್ಪಿಕೊಂಡು ಕಳೆದುಕೊಳ್ಳುವ ‘ಪಾಚಿತ್ತಿಯ’ ದೋಷವಿದ್ದರೂ ದೋಷ ದೋಷವೇ. ನಾಯಿಯ ಗಬ್ಬ ಸುಮಾರು 63 ದಿನ. ನಲವತ್ತನೆಯ ದಿನದಲ್ಲಿ ಹೊಟ್ಟೆ ಸೀಳಿ ಗರ್ಭಕೋಶ ತೆಗೆದರೆ, ಒಳಗಿನ ಐದಾರು ಮರಿಗಳು ಆ ಗರ್ಭಕೋಶದೊಳಗೇ ಸಾಯುತ್ತವೆ. ಇಲ್ಲಿ ಜೀವಿ ಇದೆ, ಅರಿವು ಇದೆ, ಪ್ರಯತ್ನ ಇದೆ, ಸಾವು ಇದೆ. ಚಿತ್ತ ಒಂದನ್ನೇ “ತಾಯಿಯ ಒಳ್ಳೆಯದಕ್ಕೆ” ಎಂದು ಬೇರೆ ಮಾಡಿ ತೋರಿಸುವುದು ಕಷ್ಟ. ತಾಯಿಯ ಜೀವಕ್ಕೇ ಕುತ್ತು ಬಂದಾಗಿನ ಮಾತು ಬೇರೆ. ಅನುಕೂಲಕ್ಕಾಗಿ ಮಾಡಿಸಿದರೆ ಅದನ್ನು ಸಂತಾನಹರಣದ ಲೆಕ್ಕಕ್ಕೆ ಸೇರಿಸಿ ಸಮಾಧಾನಪಟ್ಟುಕೊಳ್ಳುವಂತಿಲ್ಲ. ಬೀದಿನಾಯಿಗಳ ಸಂತಾನ ನಿಯಂತ್ರಣಕ್ಕೆಂದು ಕೇಂದ್ರ ಸರ್ಕಾರ 2001ರಲ್ಲಿ ಹೊರಡಿಸಿದ ನಿಯಮಗಳು, ಗಬ್ಬ ಎಷ್ಟು ದಿನದ್ದೇ ಆಗಿರಲಿ, ಗರ್ಭಪಾತ ಮಾಡಬಾರದು, ಮರಿ ಹಾಕುವವರೆಗೆ ಶಸ್ತ್ರಚಿಕಿತ್ಸೆ ಮಾಡದೆ ಬಿಡಬೇಕು ಎಂದಿದ್ದವು. ಕಾನೂನಿನ ಆ ಸೂಕ್ಷ್ಮ ಮನೆಯ ಪ್ರಾಣಿಯ ವಿಷಯದಲ್ಲೂ ಇರಬೇಕೆಂದು ಬಯಸುವುದು ಹೆಚ್ಚೇನಲ್ಲ. ಹಾಗಾಗಿ ವೈದ್ಯರಲ್ಲಿಗೆ ಹೋದಾಗ ಉಪಾಸಕ ಕೇಳಬೇಕಾದ ಮೊದಲ ಮಾತು, ನಾಯಿ ಗಬ್ಬ ಇದೆಯೇ, ಸ್ಕ್ಯಾನ್ ಮಾಡಿ ನೋಡಿದಿರಾ ಎಂಬುದು.

ಕೊಲೆಯಲ್ಲ ಎಂದ ಮಾತ್ರಕ್ಕೆ ಪ್ರಶ್ನೆ ಮುಗಿಯಿತೇ? ಹಳೆಯ ಬೌದ್ಧ ಪರಂಪರೆ ಪ್ರಾಣಿಗಳ ಬೀಜ ಒಡೆಯುವ ಕೆಲಸವನ್ನು ಯಾವ ಕಣ್ಣಿನಿಂದ ನೋಡಿದೆ ಎಂಬುದನ್ನು ಗಮನಿಸಿದರೆ ಇಲ್ಲವೆಂಬುದು ಸ್ಪಷ್ಟವಾಗುತ್ತದೆ. ಹಿಂದಿನ ಭಿಕ್ಷುಣಿಯರ ಹಾಡುಗಳ ಸಂಗ್ರಹವಾದ ಥೇರೀಗಾಥೆಯಲ್ಲಿ ಇಸಿದಾಸಿ ಎಂಬ ಭಿಕ್ಷುಣಿ ತನ್ನ ಹಿಂದಿನ ಜನ್ಮಗಳನ್ನು ನೆನೆಯುತ್ತಾಳೆ. ಅಕ್ಕಸಾಲಿಗನಾಗಿದ್ದಾಗ ಪರರ ಹೆಂಡತಿಯನ್ನು ಕೂಡಿದ ಕರ್ಮಕ್ಕೆ ನರಕ ಕಂಡು, ಆಮೇಲೆ ಕೋತಿಯಾಗಿ ಹುಟ್ಟಿದಾಗ ಏಳನೆಯ ದಿನಕ್ಕೇ ಹಿಂಡಿನ ಹಿರಿಯ ಕೋತಿ ಆ ಮರಿಯ ಬೀಜವನ್ನು ಕಿತ್ತಿತು. ಆಡಾಗಿ ಹುಟ್ಟಿದಾಗ ಬೀಜ ಕಳೆದುಕೊಂಡು ಹನ್ನೆರಡು ವರ್ಷ ಮಕ್ಕಳನ್ನು ಹೊತ್ತು ಹುಳ ಹಿಡಿದು ನರಳಿತು. ಕೆಂಬಣ್ಣದ ಕರುವಾಗಿ ಹುಟ್ಟಿದಾಗ ಹನ್ನೆರಡನೆಯ ತಿಂಗಳಲ್ಲಿ ಬೀಜ ಒಡೆಸಿಕೊಂಡು ನೇಗಿಲು, ಬಂಡಿ ಎಳೆದು ಕುರುಡಾಯಿತು. ಮೂರು ಜನ್ಮದಲ್ಲೂ ಅದೇ ನೋವು. ಈ ಗಾಥೆಗಳನ್ನು ಕಟ್ಟಿದವರಿಗೆ ಪ್ರಾಣಿಯ ಬೀಜ ಒಡೆಯುವುದು ಮಾಮೂಲಿ ಕೆಲಸವಾಗಿ ಕಂಡಿರಲಿಲ್ಲ. ದುಃಖವನ್ನು ವರ್ಣಿಸಬೇಕಾದಾಗ ಅವರಿಗೆ ಅದೇ ಚಿತ್ರ ಮತ್ತೆ ಮತ್ತೆ ಎದುರಾಗಿದೆ. ಸರ್ವಾಸ್ತಿವಾದಿಗಳೆಂಬ ಹಳೆಯ ಬೌದ್ಧ ಪಂಥದವರ ಮಹಾವಿಭಾಷಾ ಗ್ರಂಥದಲ್ಲಿ ಇದಕ್ಕೆ ಇನ್ನೊಂದು ಮಗ್ಗುಲಿನ ಕಥೆಯಿದೆ. ಕನಿಷ್ಕ ರಾಜನ ಅಂತಃಪುರದ ನಪುಂಸಕನೊಬ್ಬ, ಬೀಜ ಒಡೆಸಲು ಅಟ್ಟಿಕೊಂಡು ಹೋಗುತ್ತಿದ್ದ ಐನೂರು ಹೋರಿಗಳನ್ನು ಕಂಡು ಮರುಗಿ, ಹಣ ಕೊಟ್ಟು ಬಿಡಿಸಿದ. ಆ ಪುಣ್ಯದ ಬಲದಿಂದ ಅವನಿಗೆ ಕಳೆದುಹೋಗಿದ್ದ ಪುರುಷತ್ವ ಮರಳಿತು ಎಂಬುದು ಆ ಕಥೆ.

ಇವೆಲ್ಲಕ್ಕಿಂತ ನೇರವಾದ ಸಾಕ್ಷ್ಯ ಅಶೋಕನದು, ಮತ್ತು ಅಶೋಕ ನಮ್ಮ ಭಾಗಕ್ಕೆ ಪರಕೀಯನಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ 1986ರಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿ ಗುಡಿಯ ಮೇಲ್ಛಾವಣಿ ಕುಸಿದಾಗ, ಮೂರ್ತಿಯ ಪೀಠವಾಗಿ ಬಳಸಿದ್ದ ಕಲ್ಲಿನ ಮೇಲೆ ಅವನ ಶಾಸನ ಕಾಣಿಸಿಕೊಂಡಿತು. ಅಲ್ಲಿಯೇ ಭೀಮಾ ದಂಡೆಯ ಕನಗನಹಳ್ಳಿಯ ಸ್ತೂಪದ ಅವಶೇಷಗಳಲ್ಲಿ ರಾಣಿಯರೊಡನೆ ನಿಂತ ರಾಜನ ಶಿಲ್ಪ ಸಿಕ್ಕಿದ್ದು, ಅದರ ಮೇಲೆ ಬ್ರಾಹ್ಮಿಯಲ್ಲಿ “ರಾಯ ಅಸೋಕೋ” ಎಂದು ಬರೆದಿದೆ. ಸನ್ನತಿಯ ಕಲ್ಲಿನಲ್ಲಿರುವುದು ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಿಲಾಶಾಸನಗಳು ಹಾಗೂ ಎರಡು ಪ್ರತ್ಯೇಕ ಶಾಸನಗಳು. ನಮ್ಮ ವಿಷಯಕ್ಕೆ ಬೇಕಾದ ಮಾತು ಉತ್ತರ ಭಾರತದಲ್ಲಿ ಸಿಕ್ಕ ಐದನೆಯ ಸ್ತಂಭಶಾಸನದಲ್ಲಿದೆ. ಟೋಪ್ರಾದಿಂದ ದೆಹಲಿಗೆ ಸಾಗಿಸಿದ ಕಂಬದ ಮೇಲೂ ಅದನ್ನು ಕಾಣಬಹುದು. ಪಟ್ಟಾಭಿಷೇಕವಾಗಿ 26 ವರ್ಷಗಳಾದ ಮೇಲೆ ಹೊರಡಿಸಿದ ಆ ಆಜ್ಞೆಯಲ್ಲಿ ಗಿಣಿ, ಹಂಸ, ಬಾವಲಿ ಮೊದಲಾದವನ್ನು ಕೊಲ್ಲಬಾರದು. ಗಬ್ಬವಾದ ಅಥವಾ ಹಾಲೂಡುವ ಆಡು, ಕುರಿ, ಹಂದಿಗಳನ್ನೂ ಆರು ತಿಂಗಳೊಳಗಿನ ಅವುಗಳ ಮರಿಗಳನ್ನೂ ಕೊಲ್ಲಬಾರದು. ಹುಂಜಗಳ ಬೀಜ ತೆಗೆಯಬಾರದು ಎಂದಿದೆ. ಮುಂದುವರಿದು, ಪಕ್ಷದ ಅಷ್ಟಮಿ, ಚತುರ್ದಶಿ, ಹುಣ್ಣಿಮೆ ಅಮಾವಾಸ್ಯೆಗಳು, ತಿಷ್ಯ ಮತ್ತು ಪುನರ್ವಸು ನಕ್ಷತ್ರದ ದಿನಗಳು, ಮೂರು ಚಾತುರ್ಮಾಸ್ಯದ ಹುಣ್ಣಿಮೆಗಳು ಹಾಗೂ ಹಬ್ಬದ ದಿನಗಳಲ್ಲಿ ಹೋರಿ, ಹೋತ, ಟಗರು, ಹಂದಿ ಮುಂತಾದವುಗಳ ಬೀಜ ಒಡೆಯಬಾರದು ಎಂದು ವಿಧಿಸಿದೆ.

ಈ ಆಜ್ಞೆಯನ್ನು ಸಾವಧಾನವಾಗಿ ಓದಬೇಕು. ಹುಂಜಕ್ಕೆ ಪೂರ್ಣ ನಿಷೇಧ, ಹೋರಿಗೆ ದಿನಗಳ ನಿರ್ಬಂಧ. ಏಕೆಂದರೆ ಹುಂಜದ ಬೀಜ ತೆಗೆಯುವುದು ಬಾಯಿರುಚಿಗಾಗಿ, ಮಾಂಸ ಕೊಬ್ಬಲೆಂದು. ಹೋರಿಯ ಬೀಜ ಒಡೆಯುವುದು ಉಳುಮೆಗಾಗಿ. ಎತ್ತಿಲ್ಲದೆ ಹೊಲವಿಲ್ಲ ಎಂಬುದು ರಾಜನಿಗೂ ಗೊತ್ತಿತ್ತು. ಈ ವಿವರಣೆ ನನ್ನದು, ಶಾಸನ ಕಾರಣಗಳನ್ನು ಹೇಳುವುದಿಲ್ಲ. ಆದರೂ ಪೂರ್ತಿ ನಿಲ್ಲಿಸಲಾಗದ ಹಿಂಸೆಗೆ ಮಿತಿ ಹಾಕುವ, ವಾರದಲ್ಲಿ ಒಂದೆರಡು ದಿನವಾದರೂ ಕೈ ತಡೆದು ಯೋಚಿಸುವಂತೆ ಮಾಡುವ ವಿವೇಕ ಅದರಲ್ಲಿ ಕಾಣುತ್ತದೆ. ಜೈನ ಪರಂಪರೆ ಇದಕ್ಕಿಂತ ಕಟ್ಟುನಿಟ್ಟು. ಶ್ರಾವಕರು ಬಿಡಬೇಕಾದ ಹದಿನೈದು ಕಸುಬುಗಳಲ್ಲಿ ಪ್ರಾಣಿಗಳ ಬೀಜ ಒಡೆಯುವುದೂ ಒಂದೆಂದು ಅದು ಹೆಸರಿಸಿಯೇ ಹೇಳಿದೆ. ಮಳಖೇಡದ ಬಸದಿಯನ್ನು ಬಲ್ಲ ಸೇಡಂ ಕಡೆಯವರಿಗೆ ಈ ಎರಡು ಶ್ರಮಣ ಪರಂಪರೆಗಳ ನಡುವಿನ ಅಂತರ ಹೊಸದಲ್ಲ: ಜೈನರು ಕ್ರಿಯೆಯ ಮೇಲೆ ಹೆಚ್ಚು ಒತ್ತು ಕೊಟ್ಟರೆ ಬೌದ್ಧರು ಚೇತನೆಯ, ಅಂದರೆ ಮಾಡುವವನ ಉದ್ದೇಶದ, ಮೇಲೆ ಒತ್ತು ಕೊಟ್ಟರು.

ಬೀಜ ಒಡೆಯುವುದೆಂದರೆ ಆ ಕಾಲದಲ್ಲಿ ಏನಾಗಿತ್ತು ಎಂಬುದನ್ನು ಊಹಿಸಲು ದೂರ ಹೋಗಬೇಕಾಗಿಲ್ಲ. ದೇವಣಿ ತಳಿಯ ದನಗಳಿರುವ ಬೀದರ್ ಜಿಲ್ಲೆಯ ಯಾವುದೇ ಹಳ್ಳಿಯ ಹಿರಿಯ ರೈತರನ್ನು ಕೇಳಿದರೆ, ಹೋರಿಗರುವನ್ನು ನೆಲಕ್ಕೆ ಕೆಡವಿ, ನಾಲ್ಕೂ ಕಾಲು ಕಟ್ಟಿ, ಬೀಜವನ್ನು ಅದುಮಿ ಜಜ್ಜುತ್ತಿದ್ದ ಬಗೆಯನ್ನು ವಿವರಿಸುತ್ತಾರೆ. ಚರ್ಮ ಕತ್ತರಿಸದೆ ಬೀಜದ ನಾಳವನ್ನು ಅದುಮುವ ಬರ್ಡಿಜೊ ಇಕ್ಕಳ ಬಂದ ಮೇಲೆ ಗಾಯ ಕಡಿಮೆಯಾಯಿತು, ಆದರೆ ನೋವಿನ ಮದ್ದು ಕೊಡುವ ರೂಢಿ ಇಂದಿಗೂ ಎಲ್ಲೆಡೆ ಬಂದಿಲ್ಲ. ಥೇರೀಗಾಥೆ ಮತ್ತು ಅಶೋಕ ಶಾಸನಗಳ ಹಿಂದೆ ಇರುವುದು ಈ ದೃಶ್ಯ: ಅರಿವಳಿಕೆಯಿಲ್ಲದ ನೋವು, ಅದರ ಲಾಭವೆಲ್ಲ ಮನುಷ್ಯನಿಗೆ, ಪ್ರಾಣಿಗೆ ಜೀವನಪೂರ್ತಿ ದುಡಿಮೆ. ಇಂದು ಸಾಕುನಾಯಿಗೆ ಅರಿವಳಿಕೆ ಕೊಟ್ಟು ಮಾಡುವ ಶಸ್ತ್ರಚಿಕಿತ್ಸೆಗೆ ಆ ಮಾತುಗಳನ್ನು ಹಾಗೆಯೇ ಅನ್ವಯಿಸುವುದು ನ್ಯಾಯವಲ್ಲ. ಆದರೆ ಅವುಗಳನ್ನು ಹಳೆಯ ಕಾಲದ ಮಾತೆಂದು ಬದಿಗಿಡುವುದೂ ನ್ಯಾಯವಲ್ಲ. ಲಾಭ ಯಾರಿಗೆ ಎಂಬ ಪ್ರಶ್ನೆಯನ್ನು ಅವು ನಮ್ಮ ಮುಂದೆಯೂ ಇಡುತ್ತವೆ, ಮತ್ತು ಧಮ್ಮದ ದೃಷ್ಟಿಯಲ್ಲಿ ಇಡೀ ವಿಚಾರ ನಿಂತಿರುವುದು ಅದೇ ಪ್ರಶ್ನೆಯ ಮೇಲೆ.

ಅಂಗುತ್ತರ ನಿಕಾಯದಲ್ಲಿ ಬುದ್ಧ ಚೇತನೆಯನ್ನೇ ಕರ್ಮವೆಂದು ಕರೆಯುತ್ತೇನೆ ಎನ್ನುತ್ತಾನೆ. ಇದನ್ನು ಕೇಳಿದ ಕೂಡಲೇ ಬಹಳ ಜನ, ಮನಸ್ಸು ಒಳ್ಳೆಯದಿದ್ದರೆ ಮುಗಿಯಿತು ಎಂದುಕೊಳ್ಳುತ್ತಾರೆ. ವಿನಯಪಿಟಕದ ಎರಡು ಪ್ರಕರಣಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಅದು ಅಷ್ಟು ಸರಳವಲ್ಲವೆಂದು ತಿಳಿಯುತ್ತದೆ. ಮೊದಲನೆಯದರಲ್ಲಿ, ಬೇಟೆಗಾರ ಒಡ್ಡಿದ ಉರುಲಿಗೆ ಸಿಕ್ಕಿದ್ದ ಹಂದಿಯನ್ನು ಭಿಕ್ಷುವೊಬ್ಬ ಕರುಣೆಯಿಂದ ಬಿಡಿಸಿಬಿಡುತ್ತಾನೆ. ಅದು ಬೇರೆಯವರ ಸೊತ್ತು, ಕದ್ದಂತಾಯಿತೇ ಎಂದು ಅವನಿಗೆ ಅನುಮಾನ. ಕರುಣೆಯಿಂದ ಮಾಡಿದವನಿಗೆ ದೋಷವಿಲ್ಲ ಎಂದು ಬುದ್ಧ ಹೇಳುತ್ತಾನೆ. ಎರಡನೆಯದರಲ್ಲಿ, ಕಾಯಿಲೆಯಿಂದ ನರಳುತ್ತಿದ್ದ ಭಿಕ್ಷುವಿಗೆ ಜೊತೆಯವರು ಕರುಣೆಯಿಂದಲೇ ಸಾವಿನ ಹಿರಿಮೆಯನ್ನು ಬಣ್ಣಿಸುತ್ತಾರೆ, ಅವನು ಸಾಯುತ್ತಾನೆ. ಅಲ್ಲಿ ಕರುಣೆ ಅವರನ್ನು ಕಾಪಾಡುವುದಿಲ್ಲ. ಅವರಿಗೆ ಸಂಘದಿಂದಲೇ ಹೊರಬೀಳುವ ಪಾರಾಜಿಕ ದೋಷ ತಗಲುತ್ತದೆ. ಎರಡರಲ್ಲೂ ಇದ್ದದ್ದು ಕರುಣೆಯೇ. ಮೊದಲನೆಯದು ಪ್ರಾಣಿಯನ್ನು ಬದುಕಿನ ಕಡೆಗೆ ಒಯ್ದಿತು, ಎರಡನೆಯದು ಮನುಷ್ಯನನ್ನು ಸಾವಿನ ಕಡೆಗೆ. ಆದ್ದರಿಂದ “ನಾನು ಪ್ರೀತಿಯಿಂದಲೇ ಮಾಡಿಸಿದೆ” ಎಂಬ ಮಾತು ತಾನಾಗಿ ಏನನ್ನೂ ಸಾಬೀತು ಮಾಡುವುದಿಲ್ಲ. ಆ ಪ್ರೀತಿ ಪ್ರಾಣಿಯನ್ನು ಎಲ್ಲಿಗೆ ಒಯ್ಯುತ್ತದೆ ಎಂಬುದನ್ನೂ ತೋರಿಸಬೇಕಾಗುತ್ತದೆ.

ಈ ಅಳತೆಯಿಂದ ಸಂತಾನಹರಣವನ್ನು ಅಳೆದರೆ ಪ್ರಾಣಿಗೆ ದೊರೆಯುವ ಹಿತ ಕಡಿಮೆಯೇನಲ್ಲ. ಶಸ್ತ್ರಚಿಕಿತ್ಸೆಯಾಗದೆ ವಯಸ್ಸಾದ ಹೆಣ್ಣು ನಾಯಿಗಳಲ್ಲಿ ಗರ್ಭಕೋಶದಲ್ಲಿ ಕೀವು ತುಂಬುವ ಪಯೊಮೆಟ್ರಾ ರೋಗ ಸಾಮಾನ್ಯ, ತಡವಾಗಿ ಗೊತ್ತಾದರೆ ಅದು ಪ್ರಾಣಕ್ಕೇ ಮುಳುವು. ಮೊದಲ ಒಂದೆರಡು ಬೆದೆಗೆ ಮುಂಚೆ ಅಂಡಾಶಯ ತೆಗೆದರೆ ಕೆಚ್ಚಲ ಗಡ್ಡೆಗಳು ಬಹಳ ಕಡಿಮೆಯಾಗುತ್ತವೆ. ಕೂಡುವಾಗ ನಾಯಿಯಿಂದ ನಾಯಿಗೆ ಅಂಟುವ ಜನನಾಂಗದ ಗಡ್ಡೆ ನಮ್ಮ ದೇಶದಲ್ಲಿ ಸಾಕಷ್ಟು ಕಾಣಿಸುವ ರೋಗ. ರಕ್ತ ಸೋರುತ್ತ ಅಲೆಯುವ ಇಂಥ ನಾಯಿಗಳನ್ನು ಬಸ್ ನಿಲ್ದಾಣದ ಆಸುಪಾಸಿನಲ್ಲಿ ಯಾರು ನೋಡಿಲ್ಲ? ಬೆದೆಯ ಸಲುವಾಗಿ ಮನೆ ಬಿಟ್ಟು ಓಡುವ ಗಂಡು ನಾಯಿ, ಗಂಡು ಬೆಕ್ಕುಗಳು ಕಾದಾಟದಲ್ಲಿ ಗಾಯಗೊಳ್ಳುವುದೂ ವಾಹನಕ್ಕೆ ಸಿಗುವುದೂ ಉಂಟು. ಇನ್ನೊಂದು ತಟ್ಟೆಯಲ್ಲಿ ಇಡಬೇಕಾದದ್ದೂ ಇದೆ: ಮೈ ತೂಕ ಏರುವುದು, ಕೆಲವು ಹೆಣ್ಣು ನಾಯಿಗಳಲ್ಲಿ ಮೂತ್ರ ಹಿಡಿತ ತಪ್ಪುವುದು, ದೊಡ್ಡ ತಳಿಗಳಿಗೆ ತೀರ ಎಳೆಯ ವಯಸ್ಸಿನಲ್ಲಿ ಮಾಡಿಸಿದರೆ ಕೀಲುಗಳ ತೊಂದರೆ ಹೆಚ್ಚುವುದು. ಆಪರೇಷನ್ ಬೇಡವೆಂದು ಬೆದೆ ತಡೆಯುವ ಹಾರ್ಮೋನ್ ಚುಚ್ಚುಮದ್ದು ಹಾಕಿಸುವವರು ಅದನ್ನು ಅಹಿಂಸೆಯ ದಾರಿ ಎಂದು ಭಾವಿಸುತ್ತಾರೆ. ಆ ಮದ್ದೇ ಗರ್ಭಕೋಶದ ಕೀವಿಗೆ ದಾರಿ ಮಾಡಿಕೊಡಬಲ್ಲದು ಎಂಬುದು ಅವರಿಗೆ ತಿಳಿದಿರುವುದಿಲ್ಲ.

ಒಂದು ಗಂಭೀರ ಆಕ್ಷೇಪ ಉಳಿದಿದೆ. ಮೈತ್ರಿಯನ್ನು ಬೋಧಿಸುವ ಮೆತ್ತ ಸುತ್ತದಲ್ಲಿ ಹುಟ್ಟಿದ ಜೀವಿಗಳಿಗಷ್ಟೇ ಅಲ್ಲ, ಹುಟ್ಟನ್ನು ಅರಸುತ್ತಿರುವ ಜೀವಿಗಳಿಗೂ ಸುಖವಾಗಲಿ ಎಂದು ಹಾರೈಸುತ್ತೇವೆ. ಹಾಗಿದ್ದರೆ ಆ ಹುಟ್ಟಿನ ಬಾಗಿಲನ್ನು ಮುಚ್ಚುವುದು ಮೈತ್ರಿಗೆ ವಿರುದ್ಧವಲ್ಲವೇ? ಈ ಪ್ರಶ್ನೆ ಕೇಳುವವರ ಮನಸ್ಸು ಕೋಮಲವಾದದ್ದು, ಅವರಿಗೆ ಒರಟಾಗಿ ಉತ್ತರಿಸಬಾರದು. ಬೌದ್ಧ ಚಿಂತನೆಯಲ್ಲಿ ಹುಟ್ಟು ತಾನಾಗಿ ಒಂದು ವರವಲ್ಲ. ಬಾಲಪಂಡಿತ ಸುತ್ತವು ಪ್ರಾಣಿಯೋನಿಯನ್ನು ದುರ್ಗತಿಯೆಂದು ಎಣಿಸುತ್ತದೆ, ಅಲ್ಲಿ ಒಂದನ್ನೊಂದು ತಿನ್ನುವುದೇ ಬಾಳು, ಬಲವುಳ್ಳದ್ದು ಬಲಹೀನವನ್ನು ನುಂಗುತ್ತದೆ ಎನ್ನುತ್ತದೆ. ಒಂದು ಗರ್ಭದಲ್ಲಿ ಹುಟ್ಟು ಸಿಗದ ಜೀವಸಂತತಿ ಅಳಿದುಹೋಗುವುದೂ ಇಲ್ಲ. ಅದರ ಕರ್ಮ ಅದನ್ನು ಬೇರೆಡೆಗೆ ಒಯ್ಯುತ್ತದೆ. ಗರ್ಭ ನಿಲ್ಲುವ ಮೊದಲು ತಡೆಯುವುದರಲ್ಲಿ ಯಾವ ಜೀವಿಗೂ ಹಾನಿಯಿಲ್ಲ ಎಂಬ ನಿಲುವಿಗೆ ಇದು ಆಧಾರ. ಆದರೆ ಈ ವಾದವನ್ನು ಎಳೆದಷ್ಟೂ ಎಳೆಯಬಾರದೆಂದು ನನ್ನ ಅನಿಸಿಕೆ. ಪ್ರಾಣಿಯ ಬಾಳು ಕೀಳು, ಹುಟ್ಟದಿದ್ದರೇ ಒಳ್ಳೆಯದು ಎಂಬ ಮಾತು ನಾಲಿಗೆಗೆ ಹಗುರವಾದಷ್ಟೂ ಇರುವ ಪ್ರಾಣಿಯ ಬಗೆಗಿನ ಗೌರವ ಕುಂದುತ್ತದೆ. ಜಾತಕ ಕಥೆಗಳಲ್ಲಿ ಬೋಧಿಸತ್ವನೇ ಮಂಗನಾಗಿ, ಜಿಂಕೆಯಾಗಿ, ನಾಯಿಯಾಗಿ ಹುಟ್ಟಿದ್ದನ್ನು ನಾವು ಮಕ್ಕಳಿಗೆ ಹೇಳುತ್ತೇವಲ್ಲ.

ಎರಡನೆಯ ಶೀಲವನ್ನು ಮುಂದಿಟ್ಟು, ಪ್ರಾಣಿ ಕೊಡದೆ ಇದ್ದುದನ್ನು ನಾವು ತೆಗೆದುಕೊಂಡಂತಾಗುತ್ತದೆ ಎಂದು ವಾದಿಸುವವರೂ ಇದ್ದಾರೆ. ಈ ವಾದಕ್ಕೆ ತೂಕವಿದೆ, ಆದರೆ ಅದು ಶಸ್ತ್ರಚಿಕಿತ್ಸೆಯಲ್ಲಿ ಶುರುವಾಗುವುದಿಲ್ಲ. ನಾಯಿಯನ್ನು ಮನೆಗೆ ತಂದ ದಿನವೇ ಅದರ ಅಲೆದಾಟ, ಆಹಾರ, ಸಂಗ ಎಲ್ಲವನ್ನೂ ನಾವು ನಮ್ಮ ಕೈಗೆ ತೆಗೆದುಕೊಂಡಿರುತ್ತೇವೆ. ಆಪರೇಷನ್ ಮಾಡಿಸದ ಮನೆಯಲ್ಲಿ ಬೆದೆಗೆ ಬಂದ ಹೆಣ್ಣು ನಾಯಿಯ ಸ್ಥಿತಿ ಏನೆಂಬುದನ್ನು ನೆನೆಯಬೇಕು: ಎರಡು ಮೂರು ವಾರ ಹಿಂದಿನ ಕೋಣೆಯಲ್ಲಿ ಕಟ್ಟಿಹಾಕಿರುತ್ತಾರೆ, ಹೊರಗೆ ಓಣಿಯ ಗಂಡು ನಾಯಿಗಳು ರಾತ್ರಿಯೆಲ್ಲ ಗೇಟಿನ ಬಳಿ ಕಾದಾಡುತ್ತವೆ, ಒಳಗೆ ಅದು ಬಾಗಿಲನ್ನು ಉಗುರಿನಿಂದ ಕೆರೆಯುತ್ತ ಅನ್ನ ಮುಟ್ಟದೆ ಕೊರಗುತ್ತದೆ. ಸುಮಾರು ಆರೇಳು ತಿಂಗಳಿಗೊಮ್ಮೆ ಇದು ಮರುಕಳಿಸುತ್ತದೆ. ದೇಹಕ್ಕೆ ಗಾಯ ಮಾಡಿಲ್ಲ ಎಂಬುದೇ ಅಹಿಂಸೆಯಾದರೆ ಇದನ್ನು ಏನೆನ್ನಬೇಕು?

ಕಟ್ಟಿಹಾಕದೆ ಬಿಟ್ಟರೆ ಮರಿಗಳು ಬರುತ್ತವೆ, ಮತ್ತು ಮರಿಗಳ ಪ್ರಶ್ನೆಯಲ್ಲಿಯೇ ಸುಮ್ಮನಿರುವವರ ಅಹಿಂಸೆ ನಿಜವಾಗಿ ಪರೀಕ್ಷೆಗೆ ಒಳಗಾಗುತ್ತದೆ. ಕಲಬುರಗಿಯ ದಾಲ್ ಮಿಲ್‌ಗಳಲ್ಲಿ ಇಲಿಗಳ ಕಾಟಕ್ಕೆಂದು ಬೆಕ್ಕುಗಳನ್ನು ಇಟ್ಟುಕೊಳ್ಳುತ್ತಾರೆ. ಬೆಕ್ಕು ಐದಾರು ತಿಂಗಳಿಗೇ ಬೆದೆಗೆ ಬರಬಲ್ಲದು, ವರ್ಷಕ್ಕೆ ಎರಡು ಮೂರು ಬಾರಿ ಮರಿ ಹಾಕಬಲ್ಲದು. ಇಷ್ಟು ಮರಿಗಳಿಗೆ ಮನೆ ಎಲ್ಲಿದೆ? ರಟ್ಟಿನ ಡಬ್ಬಿಯಲ್ಲಿ ತುಂಬಿ ತರಕಾರಿ ಮಾರುಕಟ್ಟೆಯ ಹಿಂದೆಯೋ ಕೆರೆಯ ದಂಡೆಯಲ್ಲೋ ಬಿಟ್ಟುಬರುವವರು, ಯಾರಾದರೂ ಎತ್ತಿಕೊಂಡು ಹೋಗಿ ಸಾಕುತ್ತಾರೆ ಎಂದು ತಮ್ಮನ್ನು ತಾವು ನಂಬಿಸಿಕೊಳ್ಳುತ್ತಾರೆ. ಮೇ ತಿಂಗಳ ಬಿಸಿಲಿನಲ್ಲಿ, ಕಣ್ಣು ಸರಿಯಾಗಿ ತೆರೆಯದ ಮರಿ ಅಲ್ಲಿ ಎಷ್ಟು ಹೊತ್ತು ಬದುಕೀತು ಎಂಬುದು ಬಿಟ್ಟವರಿಗೂ ಗೊತ್ತಿರುತ್ತದೆ. ಕೈಗೆ ರಕ್ತ ಅಂಟಿಲ್ಲ ಎಂಬ ಸಮಾಧಾನ ಇಲ್ಲಿ ಮೋಹವೇ ಹೊರತು ಶೀಲವಲ್ಲ. ತಳಿ ನಾಯಿಯ ಮರಿಗಳನ್ನು ಮಾರಿ ಹಣ ಮಾಡುವುದು ಇನ್ನೊಂದು ದಾರಿ. ಉಪಾಸಕನು ಮಾಡಬಾರದ ಐದು ವ್ಯಾಪಾರಗಳಲ್ಲಿ ಜೀವಿಗಳ ವ್ಯಾಪಾರವನ್ನೂ ಬುದ್ಧ ಸೇರಿಸಿದ್ದಾನೆ. ಅಟ್ಠಕಥೆ ಇದನ್ನು ಮನುಷ್ಯರ ಮಾರಾಟವೆಂದು ವಿವರಿಸಿದೆ ಎಂಬುದು ನಿಜ. ಆದರೂ ಪ್ರತಿ ಬೆದೆಗೂ ತಾಯಿಯ ಮೈ ಸವೆಸಿ ಮರಿಗಳಿಗೆ ಬೆಲೆ ಕಟ್ಟುವ ಮನೆಯವರು ಆ ವಿವರಣೆಯ ನೆರಳಿನಲ್ಲಿ ನೆಮ್ಮದಿಯಾಗಿ ಕುಳಿತುಕೊಳ್ಳಬಾರದು.

ಒಂದು ಬೌದ್ಧ ದೇಶ ಈ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಇಲ್ಲಿ ಹೇಳಬೇಕು. ಭೂತಾನ್ ತನ್ನ ಬೀದಿನಾಯಿಗಳನ್ನು ಕೊಲ್ಲದೆ, 2009ರಲ್ಲಿ ಸಂತಾನಹರಣ ಮತ್ತು ಲಸಿಕೆಯ ಕಾರ್ಯಕ್ರಮವನ್ನು ಕೈಗೆತ್ತಿಕೊಂಡು, ಒಂದೂವರೆ ಲಕ್ಷಕ್ಕೂ ಹೆಚ್ಚು ನಾಯಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿಸಿ, 2023ರಲ್ಲಿ ದೇಶದ ಎಲ್ಲ ಬೀದಿನಾಯಿಗಳ ಸಂತಾನಹರಣ ಪೂರ್ಣಗೊಂಡಿತೆಂದು ಪ್ರಕಟಿಸಿತು. ವಜ್ರಯಾನ ಜನಜೀವನದ ಉಸಿರಾಗಿರುವ ದೇಶದಲ್ಲಿ ಇದು ಸಾಧ್ಯವಾಯಿತು ಎಂಬುದು ಗ್ರಂಥಗಳ ಮಾತಿನಷ್ಟೇ ಮುಖ್ಯ.

14 ಅಕ್ಟೋಬರ್ 1956ರಂದು ಬಾಬಾಸಾಹೇಬ್ ಡಾ. ಬಿ. ಆರ್. ಅಂಬೇಡ್ಕರರು ನಾಗಪುರದಲ್ಲಿ ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಎಲ್ಲ ಜೀವಿಗಳಲ್ಲಿ ಕರುಣೆಯಿಟ್ಟು ಅವನ್ನು ಕಾಪಾಡುತ್ತೇನೆ ಎಂಬುದೂ ಒಂದು. 1957ರಲ್ಲಿ ಪ್ರಕಟವಾದ ‘ಬುದ್ಧ ಮತ್ತು ಅವನ ಧಮ್ಮ’ದಲ್ಲಿ ಅವರು ಅಹಿಂಸೆಯನ್ನು ಚರ್ಚಿಸುತ್ತ, ಕೊಲ್ಲುವ ಇಚ್ಛೆ ಬೇರೆ, ಕೊಲ್ಲಬೇಕಾದ ಅಗತ್ಯ ಬೇರೆ ಎಂದು ಬಿಡಿಸಿ ಹೇಳುತ್ತಾರೆ, ಬುದ್ಧ ಅಹಿಂಸೆಯನ್ನು ತತ್ವವಾಗಿ ಕೊಟ್ಟನೇ ಹೊರತು ನಿಯಮವಾಗಿ ಕೊಡಲಿಲ್ಲ, ನಿಯಮ ಮನುಷ್ಯನನ್ನು ಕಟ್ಟಿಹಾಕುತ್ತದೆ, ತತ್ವ ಅವನ ವಿವೇಕಕ್ಕೆ ಜಾಗ ಬಿಡುತ್ತದೆ ಎಂಬುದು ಅವರ ವಿವರಣೆ. ಕಲಬುರಗಿ, ಬೀದರ್, ಯಾದಗಿರಿಗಳ ಬಹುಪಾಲು ಬೌದ್ಧರು ಈ ದಾರಿಯಲ್ಲಿ ಧಮ್ಮಕ್ಕೆ ಬಂದವರು. ಅವರಿಗೆ ಈ ಚರ್ಚೆ ಹೊಸ ಹೊರೆಯಾಗಬೇಕಾಗಿಲ್ಲ. ಆದರೆ ವಿವೇಕಕ್ಕೆ ಜಾಗ ಬಿಟ್ಟಿದ್ದಾರೆ ಎಂದರೆ ವಿವೇಕವನ್ನು ಬಳಸಬೇಕು ಎಂದೇ ಅರ್ಥ. ಬೇಕಾದ್ದು ಮಾಡಲು ಪರವಾನಗಿ ಸಿಕ್ಕಿತೆಂದು ತಿಳಿಯಬಾರದು.

ಹಾಗಾದರೆ ವಿವೇಕ ಏನು ಹೇಳುತ್ತದೆ? ಹೊರಗೆ ಓಡಾಡುವ ನಾಯಿ ಬೆಕ್ಕುಗಳಿಗೆ, ಹೆಣ್ಣಿರಲಿ ಗಂಡಿರಲಿ, ಮಾಡಿಸುವುದೇ ಸರಿ ಎಂದು ನಾನು ತಿಳಿದಿದ್ದೇನೆ. ಮನೆಯೊಳಗೇ ಇರುವ ಹೆಣ್ಣಿಗೂ ಅದರ ಆರೋಗ್ಯದ ಕಾರಣಕ್ಕೆ ಮಾಡಿಸುವುದು ಒಳ್ಳೆಯದು. ಗೇಟು ದಾಟದ, ಜೊತೆಗೆ ಬೇರೆ ನಾಯಿಯಿಲ್ಲದ, ಸ್ವಭಾವದಲ್ಲಿ ಸೌಮ್ಯವಾದ ಗಂಡು ನಾಯಿಗೆ, ಎಲ್ಲರ ಮನೆಯಲ್ಲೂ ಮಾಡಿಸುತ್ತಾರೆ ಎಂಬ ಒಂದೇ ಕಾರಣಕ್ಕೆ ಶಸ್ತ್ರಚಿಕಿತ್ಸೆ ಮಾಡಿಸುವುದನ್ನು ಧಮ್ಮದ ದೃಷ್ಟಿಯಿಂದ ಸಮರ್ಥಿಸುವುದು ನನಗೆ ಕಷ್ಟವಾಗಿ ಕಾಣುತ್ತದೆ. ಕಾಲೆತ್ತಿ ಉಚ್ಚೆ ಹೊಯ್ದು ಗೋಡೆ ಕೆಡಿಸುತ್ತದೆ ಎಂಬುದು ನಮ್ಮ ತೊಂದರೆ, ನಾಯಿಯದಲ್ಲ. ವಿನಯದ ಚುಲ್ಲವಗ್ಗದಲ್ಲಿ ಕಾಮದ ಕಾಟ ತಾಳಲಾರದೆ ತನ್ನ ಅಂಗವನ್ನೇ ಕತ್ತರಿಸಿಕೊಂಡ ಭಿಕ್ಷುವಿನ ಪ್ರಸಂಗವಿದೆ; ಕತ್ತರಿಸಬೇಕಾದ್ದನ್ನು ಬಿಟ್ಟು ಬೇರೇನನ್ನೋ ಕತ್ತರಿಸಿದ ಎಂದು ಬುದ್ಧ ಅವನನ್ನು ಗದರುತ್ತಾನೆ. ತನ್ನ ಅಸಹನೆಯನ್ನು ತಿದ್ದಿಕೊಳ್ಳದೆ ನಾಯಿಯ ದೇಹವನ್ನು ತಿದ್ದಹೊರಟ ಯಜಮಾನನಿಗೂ ಆ ಮಾತು ಸಲ್ಲುತ್ತದೆ.

ಮಾಡಿಸುವುದೆಂದು ನಿರ್ಧರಿಸಿದ ಮೇಲೆ ಹೇಗೆ ಮಾಡಿಸುತ್ತೇವೆ ಎಂಬುದೂ ಶೀಲದ ಭಾಗವೇ. ನಮ್ಮ ಭಾಗದ ಏಪ್ರಿಲ್, ಮೇ ತಿಂಗಳ ಉರಿಯಲ್ಲಿ ಗಾಯ ಮಾಯಿಸುವುದು ಕಷ್ಟ, ಮಳೆಗಾಲದ ಜೌಗಿನಲ್ಲಿ ನೊಣಗಳ ಕಾಟ. ತುರ್ತಿಲ್ಲದಿದ್ದರೆ ದೀಪಾವಳಿಯ ನಂತರದ ಚಳಿಗಾಲವನ್ನು ಆರಿಸಿಕೊಳ್ಳಬೇಕು. ಬೀದರ್‌ನ ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ. ಹಳ್ಳಿಯವರು ಸಂದೇಹವಿದ್ದಾಗ ಅಲ್ಲಿನ ವೈದ್ಯರ ಸಲಹೆ ಕೇಳಲು ಹಿಂಜರಿಯಬಾರದು. ಅರಿವಳಿಕೆಯ ಜೊತೆಗೆ ಆಮೇಲಿನ ದಿನಗಳಿಗೂ ನೋವಿನ ಮದ್ದನ್ನು ಕೇಳಿ ಬರೆಸಿಕೊಳ್ಳಬೇಕು, ಏಕೆಂದರೆ ನಾಯಿ ಬೆಕ್ಕುಗಳು ನೋವನ್ನು ಅಡಗಿಸಿಕೊಳ್ಳುತ್ತವೆ, ಸುಮ್ಮನೆ ಮಲಗಿದ್ದನ್ನು ನಾವು ಗುಣವಾಯಿತೆಂದು ತಿಳಿಯುತ್ತೇವೆ. ಮನೆಯಲ್ಲಿ ಒಬ್ಬರಾದರೂ ರಾತ್ರಿ ಅದರ ಪಕ್ಕದಲ್ಲಿ ಮಲಗಲು ತಯಾರಿಲ್ಲದಿದ್ದರೆ ಆ ವಾರ ಆಪರೇಷನ್ ಮಾಡಿಸದಿರುವುದೇ ಮೇಲು.

ಖರ್ಚಿನ ಪ್ರಶ್ನೆಯೂ ಸಣ್ಣದಲ್ಲ. ಕೂಲಿ ಮಾಡಿ ಬದುಕುವ ಮನೆಯಲ್ಲಿ ಓಣಿಯ ನಾಯಿಗೆ ಎರಡು ಹೊತ್ತು ರೊಟ್ಟಿ ಹಾಕುವ ತಾಯಂದಿರು ಎಷ್ಟೋ ಜನ ಇದ್ದಾರೆ. ಶಸ್ತ್ರಚಿಕಿತ್ಸೆಗೆ ಕೊಡುವಷ್ಟು ಹಣ ಅವರ ಕೈಯಲ್ಲಿ ಇರುವುದಿಲ್ಲ. ಬುದ್ಧ ಪೂರ್ಣಿಮೆಯಂದು ವಿಹಾರಗಳಲ್ಲಿ ನಡೆಯುವ ದಾನದಲ್ಲಿ ಒಂದು ಪಾಲನ್ನು ಇಂಥ ಮನೆಗಳ ಪ್ರಾಣಿಗಳಿಗೆ ತೆಗೆದಿಟ್ಟರೆ ಅದು ಪ್ರತಿಜ್ಞೆಗೆ ತಕ್ಕ ಕೆಲಸವಾಗುತ್ತದೆ. ದಾನ ಹುಣ್ಣಿಮೆಯಂದು ನಡೆಯಲಿ. ಶಸ್ತ್ರಚಿಕಿತ್ಸೆಗೆ ಮಾತ್ರ, ಅಶೋಕನ ಆಜ್ಞೆಯ ಗೌರವಕ್ಕಾದರೂ, ಬೇರೊಂದು ದಿನ ಗೊತ್ತುಮಾಡಬಹುದು.